ಅದು ಗುಬ್ಬಿ ಅಲ್ಲ ಭಾವ

ನಿನ್ನೆ ಭಾನುವಾರ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಹಕ್ಕಿ ನೋಡಲು ಬೆಂಗಳೂರಿನ ಹತ್ತಿರದ ಹೆಸರಘಟ್ಟದ ಹುಲ್ಲುಗಾವಲಿಗೆ ಹೋಗಿದ್ದೆ. ಸೊಂಟ ಇನ್ನೂ ಹಿಡಿದುಕೊಂಡಿದೆ. ಕಾರಣ ಹಕ್ಕಿ ಅಲ್ಲ, ನಮ್ಮ ಭಾವ.

ಹುಲ್ಲುಗಾವಲಿನ ಹಕ್ಕಿಗಳೆಲ್ಲ ಒಣಹುಲ್ಲಿನ ಬಣ್ಣ, ಮೈತುಂಬ ಕಂದು ಗೀರು. ಪುಸ್ತಕದಲ್ಲಿ ಏನೋ ಸುಲಭ. ಪಿಪಿಟ್ ಅನ್ನುವ ಹಕ್ಕಿ ಸಪೂರ, ಕಾಲು ಉದ್ದ, ಕುಂಡೆಕುಸ್ಕ ಹಕ್ಕಿಯ ವಂಶ, ಬಾಲ ಕುಣಿಸದೆ ಇರುವುದಿಲ್ಲ. ಬುಷ್‌ಲಾರ್ಕ್ ಅನ್ನುವುದು ಗುಂಡಗೆ, ದಪ್ಪ ಕೊಕ್ಕು, ಮೋಟು ಬಾಲ, ಹಾರಿದರೆ ರೆಕ್ಕೆಯಲ್ಲಿ ಇಟ್ಟಿಗೆ ಕೆಂಪು. ನನಗೆ ಸಿಗುವ ಹಕ್ಕಿ ಮಾತ್ರ ಬಿಸಿಲಿಗೆ ಅಡ್ಡ ಕೂತು ಬೆನ್ನು ತೋರಿಸುತ್ತದೆ.

ಜೊತೆಗೆ ಭಾವ. ಯಾವ ಹಕ್ಕಿ ಕಂಡರೂ ಒಂದೇ ಪ್ರಶ್ನೆ: "ಗುಬ್ಬಿ ಅಲ್ವೇನೋ?" ಹನ್ನೊಂದು ಸಲ ಕೇಳಿದರು, ಎಣಿಸಿದ್ದೇನೆ. ಹೊಟ್ಟೆ ಉರಿಯುವುದು ಯಾಕೆಂದರೆ ಬುಷ್‌ಲಾರ್ಕಿಗೆ ಕನ್ನಡದಲ್ಲಿ ನೆಲಗುಬ್ಬಿ ಅಂತಲೇ ಹೆಸರು. ಅದನ್ನು ಅವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಏಳು ಗಂಟೆ ಹೊತ್ತಿಗೆ ಹತ್ತಿರದಲ್ಲೇ 'ಟ್ವೀ ಟ್ವೀ' ಅಂತ ಕೇಳಿಸಿತು. ಇದುವರೆಗೂ ಕೇಳದ ದನಿ. ಭಾವನಿಗೆ ಸುಮ್ಮನಿರಲು ಕೈಸನ್ನೆ ಮಾಡಿ, ಬಗ್ಗಿಕೊಂಡು, ಮುಳ್ಳು ಸಗಣಿ ಒಂದನ್ನೂ ಲೆಕ್ಕಿಸದೆ ಹುಲ್ಲಿನ ಬುಡ ಬುಡ ಹುಡುಕಿದೆ. ನಾನು ದೂರ ಹೋದರೆ ದನಿ ಹಿಂದೆ ಬೀಳುತ್ತದೆ, ಭಾವನ ಹತ್ತಿರ ಬಂದರೆ ಜೋರಾಗುತ್ತದೆ. ಹತ್ತು ನಿಮಿಷ ಆದಮೇಲೆ ಭಾವ ಪಿಸುಗುಟ್ಟಿದರು: "ನನ್ನ ಫೋನ್ ಕಣೋ. ನಿಮ್ಮಕ್ಕ ಮೆಸೇಜ್ ಮೇಲೆ ಮೆಸೇಜ್ ಹಾಕ್ತಾ ಇದಾಳೆ." ಮತ್ತೆ ಮೊದಲೇ ಯಾಕೆ ಹೇಳಲಿಲ್ಲ? "ನೀನೇ ತಾನೆ ಸುಮ್ಮನಿರಿ ಅಂದಿದ್ದು."

ಸೊಂಟ ಹಿಡಿದು ಎದ್ದು ನಿಂತೆ. ಆಗ ಎದುರಿನ ಪೊದೆಯಿಂದ ಒಂದು ಹಕ್ಕಿ ಮೇಲಕ್ಕೆ ಚಿಮ್ಮಿತು. ರೆಕ್ಕೆ ಎತ್ತಿ ಹಿಡಿದು, ಕಾಲು ಇಳಿಬಿಟ್ಟುಕೊಂಡು, ಹಾಡುತ್ತಾ ಹಾಡುತ್ತಾ ಕೊಡೆ ಹಿಡಿದವರ ಹಾಗೆ ಇಳಿಯಿತು. ರೆಕ್ಕೆಯಲ್ಲಿ ಇಟ್ಟಿಗೆ ಕೆಂಪು! ಜರ್ಡನ್ಸ್ ಬುಷ್‌ಲಾರ್ಕ್, ಅನುಮಾನವೇ ಇಲ್ಲ. ಭಾವನೂ ಬಾಯಿಬಿಟ್ಟು ನೋಡಿದರು, ಗುಬ್ಬಿ ಅನ್ನಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಸುತ್ತಲೂ ಕಣ್ಣಾಡಿಸಿ, "ಇಷ್ಟು ಜಾಗ ಸುಮ್ನೆ ಖಾಲಿ ಬಿದ್ದಿದೆಯಲ್ಲೋ, ಸೈಟ್ ಮಾಡಿದ್ರೆ ಎಷ್ಟಕ್ಕೆ ಹೋಗಬಹುದು?" ಅಂದರು. ಈ ಹಕ್ಕಿ ಗೂಡು ಕಟ್ಟುವುದು ನೆಲದ ಮೇಲೇ, ಹುಲ್ಲಿನ ಬುಡದಲ್ಲಿ. ದೂರದಿಂದ ನೋಡಿದರೆ ಖಾಲಿ ಜಾಗವೇ. ನನ್ನ ಊರಿನ ಗೋಮಾಳವೂ ಹಾಗೇ ಖಾಲಿ ಇತ್ತು, ಈಗ ಅಲ್ಲಿ ನಾಲ್ಕು ಅಡ್ಡರಸ್ತೆ ಇವೆ. ಏನು ಹೇಳಬೇಕೋ ತೋಚಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಮತ್ತೆ 'ಟ್ವೀ ಟ್ವೀ'. ಗೊತ್ತಿದ್ದೂ ಕಿಟಕಿಯಾಚೆ ನೋಡಿಬಿಟ್ಟೆ. ಅಕ್ಕನ ಮೆಸೇಜ್: ಬರ್ತಾ ಕೊತ್ತಂಬರಿ ಸೊಪ್ಪು ತರಬೇಕಂತೆ.