ಮಾಲ್ ಸುತ್ತೋ ಭಾಗ್ಯ
ರಜೆಗೆ ದಾವಣಗೆರೆಗೆ ಬಂದರೆ ಎಲ್ಲರದ್ದೂ ಒಂದೇ ಮಾತು: ‘ದುಬೈನಾಗೆ ನಿಮಗೇನ್ರೀ, ದಿನಾ ಮಾಲ್ ಸುತ್ತೋದು!’ ಸುತ್ತದೆ ಇನ್ನೇನು ಮಾಡೋಣ? ಜುಲೈನಲ್ಲಿ ಹೊರಗೆ 40 ಡಿಗ್ರಿ ದಾಟಿರುತ್ತೆ, ಹೊಸದಾಗಿ ಹೋದವರಿಗೆ ಪರಿಚಯದ ಮನೆಯೂ ಇರಲ್ಲ. ಮಾಲ್ ಬಾಗಿಲಲ್ಲೇ ಕಾರಿನಾಕಾರದ ತಳ್ಳುಗಾಡಿ, ಅದಕ್ಕೆ ಬಾಡಿಗೆ. ದೊಡ್ಡವನು ಸ್ಟೀರಿಂಗ್ ಬಿಡಲ್ಲ, ಚಿಕ್ಕವಳು ಕೂರಲ್ಲ. ಎಸ್ಕಲೇಟರ್‌ನಲ್ಲಿ ಗಾಡಿ ಒಯ್ಯುವಂತಿಲ್ಲ, ಲಿಫ್ಟ್ ಮುಂದೆ ಗಾಡಿಗಳದ್ದೇ ಜಾತ್ರೆ. ಅಷ್ಟರಲ್ಲಿ ‘ಅಪ್ಪಾ, ಸುಸ್ಸು’. ಟಾಯ್ಲೆಟ್ಟು ಆ ತುದಿಗೆ. ಆಟದ ಜಾಗಕ್ಕೆ ಗಂಟೆ ಲೆಕ್ಕದಲ್ಲಿ ದುಡ್ಡು ಕಟ್ಟಿದರೂ ಸಾಲದು, ಅವರದ್ದೇ ಜಾರದ ಸಾಕ್ಸ್ ಕೊಳ್ಳಬೇಕಂತೆ! ಮನೇಲಿ ಅಂಥವು ರಾಶಿ ಬಿದ್ದಿವೆ, ಕೇಳೋರ್ಯಾರು? ದಿರ್ಹಾಮನ್ನು ರೂಪಾಯಿಗೆ ಗುಣಿಸೋ ಚಟ ನನಗಿನ್ನೂ ಹೋಗಿಲ್ಲ. ಆ ಒಂದು ಜೊತೆ ಸಾಕ್ಸ್ ದುಡ್ಡಲ್ಲಿ ಇಲ್ಲಿ ಬೆಣ್ಣೆ ದೋಸೆ ತಿಂದು, ಮೇಲೆ ಚಾ ಕುಡಿದು ಬರಬಹುದು.