ಹೆಡ್‌ಸೆಟ್‌ನಲ್ಲಿ ಕಾಣುವುದು ಲೆಕ್ಕ ಮುಗಿದ ಮೇಲಿನ ಚಿತ್ರ

ಕಾರು ಡಿಕ್ಕಿಯಲ್ಲಿ ಒಳಗಿದ್ದವರ ದೇಹಕ್ಕೆ ಏನಾಗುತ್ತದೆ ಎಂಬುದನ್ನು ವಿಆರ್‌ನಲ್ಲಿ (ಹೆಡ್‌ಸೆಟ್ ತೊಟ್ಟು ನೋಡುವ ವರ್ಚುವಲ್ ರಿಯಾಲಿಟಿ) ಆ ಕ್ಷಣದಲ್ಲೇ ಲೆಕ್ಕ ಹಾಕಿ ತೋರಿಸುತ್ತಾರೆ ಎಂದು ಒಂದು ಲೇಖನ ಹೇಳುತ್ತದೆ. ಹಾಗಿಲ್ಲ. ಡಿಕ್ಕಿ 100–150 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ, ಆದರೆ ಟೊಯೋಟಾದ ಥಮ್ಸ್‌ನಂಥ ಮಾನವದೇಹದ ಕಂಪ್ಯೂಟರ್ ಮಾದರಿಗೆ ಏನಾಗುತ್ತದೆಂದು ಮೈಕ್ರೋಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು) ಆಸುಪಾಸಿನ ಹೆಜ್ಜೆಗಳಲ್ಲಿ ಲೆಕ್ಕ ಹಾಕಲು ದೊಡ್ಡ ಕಂಪ್ಯೂಟರಿಗೂ ಗಂಟೆಗಟ್ಟಲೆ ಬೇಕು. ಹೆಡ್‌ಸೆಟ್ ತೋರಿಸುವುದು ಅದರ ಉತ್ತರವನ್ನು, ಅದೂ ನಿಧಾನಗತಿಯಲ್ಲಿ. ನಿಜ ವೇಗದಲ್ಲಿ ಓಡಿಸಿದರೆ 90 ಹರ್ಟ್ಸ್‌ನಲ್ಲಿ, ಎಂದರೆ ಸೆಕೆಂಡಿಗೆ 90 ಚಿತ್ರದಂತೆ, ಹೆಚ್ಚೆಂದರೆ ಹದಿಮೂರು ಚಿತ್ರಕ್ಕೆ ಕಥೆ ಮುಗಿಯಿತು!

ಎಡವುವುದು ಹೆಚ್ಚಾಗಿ ಫಲಿತಾಂಶವನ್ನು ಹೆಡ್‌ಸೆಟ್‌ನ ದೃಶ್ಯ ಚಿತ್ರಿಸುವ ಯೂನಿಟಿಯಂಥ ಗೇಮ್ ಎಂಜಿನ್ ತಂತ್ರಾಂಶಕ್ಕೆ ಸಾಗಿಸುವಾಗ. ಮಾದರಿ ಮಿಲಿಮೀಟರಿನಲ್ಲಿ, ಯೂನಿಟಿ ಮೀಟರಿನಲ್ಲಿ. 1000ರಿಂದ ಭಾಗಿಸದಿದ್ದರೆ ಬೆಟ್ಟದಂಥ ಮನುಷ್ಯ. ಅದಾದರೂ ಕೂಡಲೇ ಕಣ್ಣಿಗೆ ಬೀಳುತ್ತದೆ. ಯೂನಿಟಿಯದು ಎಡಗೈ ಅಕ್ಷವ್ಯವಸ್ಥೆ (ಮಾದರಿಯ ಬಲಗೈ ವ್ಯವಸ್ಥೆಗೆ ಹೋಲಿಸಿದರೆ ಒಂದು ಅಕ್ಷ ತಿರುಗಿರುತ್ತದೆ) ಎಂಬುದನ್ನು ಮರೆತರೆ ಇಡೀ ದೃಶ್ಯ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ: ಬಲಭುಜದ ಬೆಲ್ಟ್ ಎಡಭುಜಕ್ಕೆ ಬರುತ್ತದೆ, ಯಾರೂ ಗಮನಿಸುವುದಿಲ್ಲ. ಬೆಲ್ಟನ್ನು ದಪ್ಪವಿಲ್ಲದ ಹಾಳೆಯಾಗಿ ಚಿತ್ರಿಸುವುದರಿಂದ ಅದಕ್ಕೂ ಎದೆಗೂ ನಡುವೆ ಸುಳ್ಳು ಸಂದು ಕಾಣುತ್ತದೆ. ಪಕ್ಕೆಲುಬಿನ ಸ್ಟ್ರೈನ್ (ಮೂಳೆ ಎಷ್ಟು ಪಾಲು ಹಿಗ್ಗಿತು ಅಥವಾ ಕುಗ್ಗಿತು ಎಂಬುದು) ತೋರಿಸುವ ಬಣ್ಣದ ಪಟ್ಟಿಯನ್ನು 0–3 ಶೇಕಡಾ ಎಂದು ಮೊದಲೇ ಕಟ್ಟಿಹಾಕಿ. ಪಟ್ಟಿಯ ಮಿತಿಯನ್ನು ತಂತ್ರಾಂಶಕ್ಕೇ ಬಿಟ್ಟರೆ ಏನೂ ಆಗದ ಕ್ಷಣದ ಚಿತ್ರದಲ್ಲೂ ಕೆಂಪು ಬರುತ್ತದೆ. ಕ್ಯಾಮೆರಾವನ್ನು ಕಾರಿನ ಚೌಕಟ್ಟಿಗೇ ಅಂಟಿಸಿ, ಇಲ್ಲವಾದರೆ ನೋಡುವವರಿಗೆ ತಲೆಸುತ್ತು.

ವಿಆರ್‌ನ ನಿಜವಾದ ಲಾಭವೆಂದರೆ ನೋಡುವವರು ತಮ್ಮ ತಲೆಯನ್ನೇ ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿ ನೋಡಬಹುದು. ಸೊಂಟದ ಬೆಲ್ಟ್ ಶ್ರೋಣಿಯ ಮೂಳೆಯಿಂದ ಜಾರಿ ಹೊಟ್ಟೆಗೆ ಏರುವುದು ಮಾನಿಟರಿನಲ್ಲಿ ತೊಡೆಯ ಮರೆಗೆ ಬೀಳುತ್ತದೆ. ವಿಆರ್‌ನಲ್ಲಿ ಯಾವ ಮಿಲಿಸೆಕೆಂಡಿನಲ್ಲಿ ಜಾರಿತೆಂದೇ ಹಿಡಿಯಬಹುದು. ಗಾಯದ ತೀರ್ಮಾನಕ್ಕೆ ಮಾತ್ರ ಎಚ್‌ಐಸಿ (ತಲೆಪೆಟ್ಟಿನ ಅಪಾಯದ ಅಳತೆ), ಎದೆ ಎಷ್ಟು ಒಳಕ್ಕೆ ಕುಸಿಯಿತು ಎಂಬಂಥ ಅಂಕಿಗಳನ್ನೇ ನೋಡಬೇಕು.