45 ಡಿಗ್ರಿ ಅಂದ್ರೆ ಯಾವುದಕ್ಕೆ ಯಾವುದು, ಅಷ್ಟೇ ಕಣ್ರೀ ಕೇಳಿದ್ದು

ಚಿನ್ನದ ಟ್ರೇಡಿಂಗ್ ಬಾಟ್, ಅಂದ್ರೆ ತಾನೇ ಬೈ ಸೆಲ್ ಮಾಡೋ ಸಾಫ್ಟ್‌ವೇರ್, ಮಾರೋ ಹುಡುಗ ಗ್ರೂಪ್ ವಿಡಿಯೋ ಕಾಲ್‌ನಲ್ಲಿ ನನ್ನನ್ನ ಮ್ಯೂಟ್ ಮಾಡ್ಬಿಟ್ಟ. ನಾನು ಮಾತಾಡ್ತಿರೋವಾಗ್ಲೇ. ಅದೂ ಸುಮ್ನೆ ಮಾಡ್ಲಿಲ್ಲ, "ಅಂಕಲ್, ನಿಮಗೆ ಆ್ಯಂಗಲ್ ಅರ್ಥ ಆಗಲ್ಲ, ಬಿಡಿ" ಅಂದು ಮ್ಯೂಟ್ ಮಾಡಿದ. ಆ್ಯಂಗಲ್! ನನಗೆ! ಹದ್ದುಬಸ್ತು, ಪೋಡಿ, 11ಇ ನಕ್ಷೆ ಅಂತ ಜೀವಮಾನ ಎಲ್ಲ ಹೊಲದ ಬದು ಮೇಲೆ ನಿಂತು ಬಿಸಿಲು ತಿಂದಿರೋ ಲೈಸೆನ್ಸ್ಡ್ ಸರ್ವೇಯರ್‌ಗೆ. ಚೈನ್ ಎಳ್ದಿದೀನಿ, ಥಿಯೊಡೊಲೈಟ್ ಹೊತ್ತಿದೀನಿ, ಟೋಟಲ್ ಸ್ಟೇಷನ್ ಆಯ್ತು, ಈಗ ರೋವರ್ ಬಂದಿದೆ ಅದನ್ನೂ ಹಿಡ್ಕೊಂಡು ಓಡಾಡ್ತೀನಿ. ಚನ್ನಗಿರಿ ಕಡೆ ಅಡಿಕೆ ತೋಟದಲ್ಲಿ ಅಣ್ಣ ತಮ್ಮ ಮಚ್ಚು ಹಿಡ್ಕೊಂಡು ನಿಂತಿರ್ತಾರೆ, ನಾನು ಬಾಂದುಕಲ್ಲು ತೋರ್ಸಿದ್ರೆ ಇಬ್ರೂ ಬಾಯಿ ಮುಚ್ಚ್ಕೊಂಡು ಒಪ್ಕೋತಾರೆ. ಈ ಹುಡುಗ ಒಪ್ಪಲ್ವಂತೆ.

ಅಷ್ಟಕ್ಕೂ ಕೇಳಿದ್ದೇನು ನಾನು? ದುಡ್ಡು ವಾಪಸ್ ಕೊಡು ಅಂದ್ನಾ? ಆ ಮಾತೇ ಎತ್ತಿಲ್ಲ. ನಿನ್ನ ಬಾಟ್ ಚಿನ್ನದ ಚಾರ್ಟ್ ಮೇಲೆ 45 ಡಿಗ್ರಿ ಗೆರೆ ಎಳ್ಕೊಂಡು ತಾನೇ ಬೈ ಸೆಲ್ ಮಾಡುತ್ತಲ್ಲಪ್ಪ, ಆ 45 ಡಿಗ್ರಿ ಯಾವ ಸ್ಕೇಲಲ್ಲಿ? ಅಷ್ಟೇ. ಅಡ್ಡಕ್ಕೆ ಗಂಟೆ ಇದೆ, ಮೇಲಕ್ಕೆ ಡಾಲರ್ ಇದೆ. ಎರಡೂ ಕಡೆ ಮೀಟರ್ ಇದ್ರೆ 45 ಅನ್ನೋದಕ್ಕೆ ಅರ್ಥ ಇದೆ, ಗಂಟೆಗೂ ಡಾಲರಿಗೂ ಮಧ್ಯೆ ಎಂಥಾ ಕೋನ? ಒಂದು ಗಂಟೆಗೆ ಒಂದು ಡಾಲರೋ, ಹತ್ತು ಡಾಲರೋ, ಯಾರಾದ್ರೂ ಮೊದ್ಲು ಹೇಳ್ಬೇಕು ತಾನೇ?

ನೀವೇ ನೋಡಿ, ಮೆಟಾಟ್ರೇಡರ್ ಅನ್ನೋ ಟ್ರೇಡಿಂಗ್ ಆ್ಯಪ್ ತೆಗೀರಿ, ಒಂದು ಗೆರೆ ಎಳೀರಿ, ಭೂತಗನ್ನಡಿ ಗುರುತಿನ ಪ್ಲಸ್ ಒತ್ತಿ. ಕ್ಯಾಂಡಲ್‌ಗಳು, ಅಂದ್ರೆ ಒಂದೊಂದು ಅವಧಿಯ ರೇಟು ತೋರ್ಸೋ ಕಡ್ಡಿಗಳು, ದೂರ ದೂರ ಸರಿದು ಗೆರೆ ಮಲ್ಕೊಳ್ಳುತ್ತೆ. ಬಲಗಡೆ ರೇಟಿನ ಪಟ್ಟಿ ಹಿಡಿದು ಎಳೀರಿ, ಎದ್ದು ನಿಂತ್ಕೊಳ್ಳುತ್ತೆ. ಅದೇ ಗೆರೆ, ಅದೇ ರೇಟು, ಕಣ್ಣಿಗೆ 30 ಡಿಗ್ರಿನೂ ಕಾಣುತ್ತೆ 70ನೂ ಕಾಣುತ್ತೆ. ಇದನ್ನ ನಾನು ಕಂಡುಹಿಡ್ದಿದ್ದೂ ಅಲ್ಲ, ಸಾಫ್ಟ್‌ವೇರ್ ಮಾಡಿದೋರಿಗೂ ಗೊತ್ತು, ಅದಕ್ಕೇ ಗ್ಯಾನ್ ಫ್ಯಾನ್, ಅಂದ್ರೆ ಗ್ಯಾನ್ ಅನ್ನೋ ಹಳೇ ಅಮೆರಿಕದ ಟ್ರೇಡರ್ ಹೇಳಿದ ಕೋನದ ಗೆರೆಗಳು, ಹಾಕೋವಾಗ ಸ್ಕೇಲ್ ಅಂತ ಒಂದು ಖಾನೆ ಇಟ್ಟಿದಾರೆ. ಆ ಖಾನೆಯಲ್ಲಿ ಏನ್ ತುಂಬ್ಸಿದೀಯಪ್ಪ ಅಂದ್ರೆ ನಾನು ಅಂಕಲ್.

ಕಾಲ್ ಶನಿವಾರ ರಾತ್ರಿ. ಮನೇಲಿ ನೆಟ್‌ವರ್ಕ್ ಸಿಗಲ್ಲ ಅಂತ ಟೆರೇಸ್ ಮೇಲೆ ಕೂತಿದ್ದೆ, ಕ್ಯಾಮೆರಾ ಆನ್ ಇಟ್ಕೊಂಡು, ಶರ್ಟ್ ಬೇರೆ ಬದಲಾಯ್ಸಿದ್ದೆ. ನಮ್ಮ ಷಡ್ಡಕನೂ ಇದ್ದ. ಅವನೇ ಸೇರ್ಸಿದ್ದು, ಅವನಿಗೆ ರೆಫರಲ್ ಕಮಿಷನ್ ಬರುತ್ತೆ ಅಂತ ಆಮೇಲೆ ಗೊತ್ತಾಯ್ತು, ಅದಿರ್ಲಿ. ನಾನು ಕೈ ಎತ್ತಿದೆ, ಆ ಹಳದಿ ಕೈ ಗುರುತು, ಎಷ್ಟೋ ಹೊತ್ತು ಎತ್ಕೊಂಡೇ ಇದ್ದೆ, ಕೊನೆಗೆ "ಹೇಳಿ ಸಾರ್" ಅಂದ. ಆಗ ಸಾರ್ ಅಂದ, ನೋಡಿ. ನಾನು ಶುರು ಮಾಡಿದೆ. ಪಿಡಿಎಫ್‌ನಲ್ಲಿ 2x1 ಗೆರೆ 63.75 ಡಿಗ್ರಿ ಅಂತ ಹಾಕಿದೀರ, ಎರಡಕ್ಕೆ ಒಂದು ಅಂದ್ರೆ ಟ್ಯಾನ್ ಇನ್ವರ್ಸ್ 2, ಕ್ಯಾಲ್ಕುಲೇಟರ್‌ನಲ್ಲಿ 63.43 ಬರುತ್ತೆ, ಹಂಗೇ 26.25 ಅಂತ ಬರ್ದಿರೋದು 26.57 ಆಗ್ಬೇಕು ಅಂದೆ. ಅಷ್ಟೊತ್ತಿಗೆ ಅವನ ಮುಖದಲ್ಲಿ ಒಂಥರಾ ನಗು. "ಅದು ಗ್ಯಾನ್ ಅವರೇ ಕೊಟ್ಟಿರೋದು" ಅಂದ. ಸರಿ, ಗ್ಯಾನ್ ಅಂಕಿನ ಸುತ್ತಿಗೆ ಹಾಕಿ ಕೂರ್ಸಿದ, ನೀನ್ಯಾಕೆ ಕೋಡಲ್ಲಿ ಹಾಕ್ದೆ? ಮೂರನೇ ಒಂದು ಡಿಗ್ರಿ ಅಂದ್ರೆ ಸುಮ್ನೆ ಅಲ್ಲ, ನೂರು ಮೀಟರ್ ದೂರ ಹೋಗೋ ಹೊತ್ತಿಗೆ ಅರ್ಧ ಮೀಟರ್ ಮೇಲೆ ಆಚೆ ಬಿದ್ದಿರುತ್ತೆ, ಅಷ್ಟು ಜಾಗಕ್ಕೆ ನಮ್ಮ ಕಡೆ ಹೈಕೋರ್ಟ್‌ವರೆಗೂ ಹೋಗಿದಾರೆ. ಇದನ್ನೆಲ್ಲ ಹೇಳ್ತಾ ಹೇಳ್ತಾ ಸ್ಕೇಲ್ ವಿಷಯಕ್ಕೆ ಬಂದೆ, ಅಷ್ಟರಲ್ಲೇ ಆ ಮಾತು. "ಅಂಕಲ್, ನಿಮಗೆ ಆ್ಯಂಗಲ್ ಅರ್ಥ ಆಗಲ್ಲ, ಬಿಡಿ. ಟ್ರಸ್ಟ್ ದ ಸಿಸ್ಟಮ್."

ಇದರ ಮೇಲೆ ಏನಾಯ್ತು ಅಂದ್ರೆ, ಹೇಳೋಕೂ ನಾಚಿಕೆ, ಮ್ಯೂಟ್ ಆಗಿದೆ ಅಂತ ನನಗೆ ಗೊತ್ತೇ ಆಗ್ಲಿಲ್ಲ. ನಾನು ಮಾತಾಡ್ತಾನೇ ಇದೀನಿ. ಕೈ ಆಡಿಸ್ಕೊಂಡು. ಎಡಗೈ ಅಡ್ಡ ಹಿಡಿದು ಬಲಗೈ ಓರೆ ಮಾಡಿ ತೋರಿಸ್ತಾ ಇದೀನಿ. ಎಲ್ರಿಗೂ ನನ್ನ ಮುಖ ಕಾಣ್ತಿದೆ, ದನಿ ಇಲ್ಲ. ಮನೆಯವಳು ಕಾಫಿ ತಂದವಳು ಸ್ವಲ್ಪ ಹೊತ್ತು ನಿಂತು ನೋಡಿ, "ರೀ, ಆ ಮೈಕ್ ಮೇಲೆ ಕೆಂಪು ಗೆರೆ ಇದೆಯಲ್ಲ, ಅದೇನು?" ಅಂದ್ಲು. ಆಗ ಸ್ಕ್ರೀನ್ ನೋಡ್ತೀನಿ, ಷಡ್ಡಕ ನಗ್ತಾ ಇದಾನೆ. ಬಾಯಿಗೆ ಕೈ ಅಡ್ಡ ಇಟ್ಕೊಂಡಿದಾನೆ, ಆದ್ರೆ ಭುಜ ಕುಣೀತಿದೆ, ಗೊತ್ತಾಗುತ್ತಲ್ಲ. ನಾಳೆ ಮಾವನ ಮನೆ ಫಂಕ್ಷನ್‌ನಲ್ಲಿ ಎಲೆ ಮುಂದೆ ಅಕ್ಕಪಕ್ಕ ಕೂರ್ಬೇಕು ಇವನ ಜೊತೆ.

ಬೆಳಿಗ್ಗೆ ಎದ್ದು ಗ್ರೂಪ್ ತೆಗೆದ್ರೆ ಯಾರೋ ಜಾಮೆಟ್ರಿ ಬಾಕ್ಸ್ ಫೋಟೋ ಹಾಕಿದಾರೆ. ಕೆಳಗೆ ಸಾಲಾಗಿ ನಗೋ ಇಮೋಜಿ.

ಹೋಗ್ಲಿ ಬಿಡಿ. ಚಿಕ್ಕ ಹುಡುಗರು. ಹೋಗ್ಲಿ ಅಂತೀನಿ, ಹೋಗ್ತಿಲ್ಲ.

ಯಾಕಂದ್ರೆ ನನ್ನ ಪ್ರಶ್ನೆ ತರ್ಲೆ ಅಲ್ಲ ಕಣ್ರೀ, ಲೆಕ್ಕ ಇದೆ ಅದರ ಹಿಂದೆ. ಬಾಟ್‌ಗೆ ಕಣ್ಣಿಲ್ಲ, ಅದು ಕೋನ ನೋಡಲ್ಲ. ಒಂದು ಕ್ಯಾಂಡಲ್‌ಗೆ ಇಷ್ಟು ಪಾಯಿಂಟ್ (ಪಾಯಿಂಟ್ ಅಂದ್ರೆ ರೇಟಿನ ಕೊನೇ ಅಂಕಿಯ ಒಂದು ಹೆಜ್ಜೆ) ಅಂತ ಒಂದು ನಂಬರ್ ಕೊಟ್ಟಿರ್ತಾರೆ, ಹಿಂದಿನ ತಳದಿಂದ ಅದನ್ನ ಕೂಡಿಸ್ಕೊಂಡು ಹೋಗುತ್ತೆ, ಅದೇ ಅದರ 45 ಡಿಗ್ರಿ. ಇವನು ಕೊಟ್ಟಿರೋ ನಂಬರ್ 25. ಈಗ ಕೆಲವು ಬ್ರೋಕರ್ ಚಿನ್ನದ ರೇಟು ಚುಕ್ಕಿ ಆದ್ಮೇಲೆ ಎರಡು ಅಂಕಿ ತೋರಿಸ್ತಾರೆ, ಕೆಲವರು ಮೂರು. ಎರಡು ಅಂಕಿ ಇದ್ರೆ 25 ಪಾಯಿಂಟ್ ಅಂದ್ರೆ 25 ಸೆಂಟ್. ಮೂರು ಅಂಕಿ ಇದ್ರೆ ಎರಡೂವರೆ ಸೆಂಟ್. ನನ್ನದು ಮೂರು ಅಂಕಿದು. ಅಂದ್ರೆ ಎದ್ದು ನಿಲ್ಬೇಕಾಗಿದ್ದ 45 ಡಿಗ್ರಿ ಗೆರೆ ಐದೂ ಮುಕ್ಕಾಲು ಡಿಗ್ರಿಗೆ ನೆಲ ಹಿಡಿದು ಮಲಗಿದೆ! ಬೆಲೆ ಗೆರೆ ಮೇಲಿದ್ರೆ ಬೈ, ಗೆರೆ ಮುರಿದು ಕೆಳಗೆ ಬಂದ್ರೆ ಮಾರಿ ಆಚೆ, ಇದು ಬಾಟ್‌ನ ನಿಯಮ. ಗೆರೆ ಪಾತಾಳದಲ್ಲಿದ್ರೆ ಬೆಲೆ ಎಷ್ಟು ಬಿದ್ರೂ ಮೇಲೇನೇ ಅಲ್ವಾ? ಬೈ, ಬೈ, ಬೈ.

2025ರ ಅಕ್ಟೋಬರ್ 21 ನೆನಪಿರ್ಬೇಕು ಚಿನ್ನದೋರಿಗೆ. ಹಿಂದಿನ ದಿನ ಔನ್ಸ್‌ಗೆ 4,380 ಡಾಲರ್ ಆಸುಪಾಸು ಹೋಗಿತ್ತು, ಅವತ್ತು ಒಂದೇ ದಿನ ಶೇ 5ಕ್ಕಿಂತ ಜಾಸ್ತಿ ಬಿತ್ತು. ದೀಪಾವಳಿ ಅಮಾವಾಸ್ಯೆ. ಊರಲ್ಲೆಲ್ಲ ಅಂಗಡಿಗಳಲ್ಲಿ ಲಕ್ಷ್ಮೀ ಪೂಜೆ, ನನ್ನ ಬಾಟ್ 0.01 ಲಾಟ್ ತಗೊಳ್ತು, ಇಳೀತು, 0.02, ಇನ್ನೂ ಇಳೀತು, 0.04, 0.08, 0.16. 0.01 ಲಾಟ್ ಅಂದ್ರೆ ಒಂದು ಔನ್ಸ್, ಇದೆಲ್ಲ ಕೂಡಿದ್ರೆ 31 ಔನ್ಸ್, ಅಲ್ಲಿಂದ ನೂರು ಡಾಲರ್ ಇಳಿದ್ರೆ 3,100 ಡಾಲರ್ ಢಮಾರ್. ನನ್ನದು ಎಷ್ಟು ಹೋಯ್ತು ಅಂತ ಇಲ್ಲಿ ಬರೆಯಲ್ಲ, ಮನೆಯವಳೂ ಫೋನ್ ನೋಡ್ತಾಳೆ.

ಇನ್ನೊಂದು ತಮಾಷೆ ಕೇಳಿ. ಆ ಡಬ್ಲ್ಯು.ಡಿ. ಗ್ಯಾನ್ ಇದಾನಲ್ಲ, 1878ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿ 1955ರಲ್ಲಿ ತೀರ್ಕೊಂಡೋನು, ಅವನೇ ಬರ್ದಿಟ್ಟಿರೋ ನಿಯಮಗಳಲ್ಲಿ ನಷ್ಟದ ಮೇಲೆ ಇನ್ನಷ್ಟು ಕೊಂಡು ಆವರೇಜ್ ಮಾಡ್ಬೇಡ, ಸ್ಟಾಪ್ ಲಾಸ್, ಅಂದ್ರೆ ಇಷ್ಟು ನಷ್ಟ ಆದ್ರೆ ಆಚೆ ಬರೋ ಗಡಿ, ಇಲ್ದೆ ಟ್ರೇಡ್ ಮಾಡ್ಬೇಡ ಅಂತಿದೆ. ಇವನು ಗ್ಯಾನ್ ಫೋಟೋ ಹಾಕಿ, ಅವನು ಇಂಡಿಯಾಗೆ ಬಂದು ನಮ್ಮ ಜ್ಯೋತಿಷ್ಯ ಕಲ್ತಿದ್ದ ಅಂತ ಪುರಾಣ ಹೇಳಿ, ಗ್ಯಾನ್ ಬೇಡ ಅಂದಿದ್ದನ್ನೇ ಕೋಡ್ ಮಾಡಿ ಮಾರ್ತಿದಾನೆ. ಗ್ಯಾನ್ ಆದ್ರೂ ಚೌಕಳಿ ಹಾಳೆ ಮೇಲೆ ಕೈಯಲ್ಲಿ ಬರೀತಿದ್ದ, ಒಂದು ಮನೆಗೆ ಇಷ್ಟು ಸೆಂಟ್ ಅಂತ ಗೊತ್ತಿತ್ತು, ಅವನ 45 ಡಿಗ್ರಿ ಕೋನಮಾಪಕ ಇಟ್ರೂ 45ನೇ. ಇನ್ನು ಅವನ ಮಗನನ್ನೇ ಮಾತಾಡ್ಸಿದ್ದ ಒಬ್ಬ ಹೆಸರಾಂತ ಟ್ರೇಡಿಂಗ್ ಲೇಖಕ ಬರ್ದಿರೋ ಪ್ರಕಾರ, ಟ್ರೇಡಿಂಗ್‌ನಿಂದ ಅವರಪ್ಪನಿಗೆ ಸಂಸಾರ ತೂಗ್ಸೋಕಾಗ್ತಿರ್ಲಿಲ್ಲವಂತೆ, ಕೋರ್ಸ್ ಮಾರಿ ದುಡೀತಿದ್ನಂತೆ. ಅಲ್ಲಿಗೆ ನಮ್ಮ ಹುಡುಗನೇ ಗ್ಯಾನ್‌ನ ಅಸಲಿ ಶಿಷ್ಯ, ನಾನು ಸುಮ್ನೆ ಅನುಮಾನ ಪಟ್ಟೆ.

ದೂರು ಕೊಡಿ ಅಂತೀರ. ಯಾರಿಗೆ? ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ರೆ ಯಾವ ಬ್ರೋಕರ್ ಅಂತಾರೆ. ಆರ್‌ಬಿಐ 2022ರಿಂದ ಅನುಮತಿ ಇಲ್ದಿರೋ ಫಾರೆಕ್ಸ್ ಕಂಪನಿಗಳ ಅಲರ್ಟ್ ಲಿಸ್ಟ್ ಅಂತ ಹಾಕ್ಕೊಂಡು ಬಂದಿದೆಯಲ್ಲ, ಅದರಲ್ಲಿ ನನ್ನ ಬ್ರೋಕರ್ ಹೆಸರು ರಾರಾಜಿಸ್ತಿದೆ. ಫೆಮಾ ಅನ್ನೋ ವಿದೇಶಿ ವಿನಿಮಯ ಕಾಯ್ದೆ ಪ್ರಕಾರ ಇಲ್ಲಿರೋರು ಕರೆನ್ಸಿ ಟ್ರೇಡ್ ಮಾಡೋದಿದ್ರೆ ಎನ್‌ಎಸ್‌ಇ, ಬಿಎಸ್‌ಇ ಥರ ಮಾನ್ಯತೆ ಇರೋ ಕಡೆನೇ ಮಾಡ್ಬೇಕಂತೆ, ಅಂಥ ಪಟ್ಟಿಯಲ್ಲಿರೋರ ಹತ್ರ ಮಾಡಿದ್ರೆ ದಂಡ ಕಟ್ಬೇಕಾಗಿರೋದು ನಾನು! ಹಂಗಾದ್ರೆ ಅವರ ಜಾಹೀರಾತು ನನ್ನ ಫೋನಿಗೆ ಯಾಕೆ ಬರುತ್ತೆ ಸ್ವಾಮಿ? ಕ್ರಿಕೆಟ್ ಹೈಲೈಟ್ಸ್ ನೋಡೋಕೆ ಕೂತ್ರೆ ಮಧ್ಯೆ ಈ ಬ್ರೋಕರೇ, ಅಡುಗೆ ವಿಡಿಯೋ ಹಾಕಿದ್ರೂ ಇವನೇ. ಚಿನ್ನ ಬೇಕಿದ್ರೆ ಇಲ್ಲಿನ ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್ ಇದೆಯಲ್ಲ, ಅದರಲ್ಲಿ ಗೋಲ್ಡ್ ಪೆಟಲ್ ಒಂದೇ ಒಂದು ಗ್ರಾಂನದ್ದು ಇದೆಯಲ್ಲ ಅಂತ ಬುದ್ಧಿ ಹೇಳೋರು ಈಗ ಬರ್ತಾರೆ. ನನಗೆ ಬುದ್ಧಿ ಬೇಡ, ಉತ್ತರ ಬೇಕು.

ದುಡ್ಡು ಹೋದ್ರೆ ಹೋಯ್ತು, ನಾಲ್ಕು ಪೋಡಿ ಜಾಸ್ತಿ ಮಾಡಿದ್ರೆ ಬರುತ್ತೆ. ಬರಲ್ಲ, ಅಷ್ಟೂ ಬರಲ್ಲ, ಆದ್ರೂ. ಆದ್ರೆ ಆ್ಯಂಗಲ್ ಅರ್ಥ ಆಗಲ್ಲ ಅಂತ ನನಗೆ ಅಂದಿದ್ದು, ಅದಕ್ಕೆ ಎಲ್ಲಿ ಹೋಗಿ ಹದ್ದುಬಸ್ತು ಮಾಡಿಸ್ಲಿ? ಅವನಿಗೆ ಖಾಸಗಿಯಾಗಿ ಮೆಸೇಜ್ ಕಳ್ಸಿದೆ, ಲೆಕ್ಕ ಎಲ್ಲ ಕೈಯಲ್ಲಿ ಬರ್ದು ಫೋಟೋ ಹೊಡೆದು. ನೀಲಿ ಟಿಕ್ ಬಿದ್ದಿದೆ. ಉತ್ತರಕ್ಕೆ ಅಪ್‌ಗ್ರೇಡ್ ಪ್ಲಾನ್‌ನ ಲಿಂಕ್ ಬಂತು.

ಷಡ್ಡಕ ಫೋನ್ ಮಾಡಿದ್ದ ಮಧ್ಯಾಹ್ನ. "ಅಣ್ಣಾ, ಬೇಜಾರ್ ಮಾಡ್ಕೋಬೇಡಿ, ಅವನು ಎಂಜಿನಿಯರ್" ಅಂದ. ಎಂಜಿನಿಯರ್ ಆದ್ರೆ ಇನ್ನೂ ಕೆಟ್ಟದಾಯ್ತಲ್ಲೋ.

ಇಲ್ಲಿ ಇಂಥ ಗ್ಯಾನ್ ಬಾಟ್ ಹಾಕ್ಕೊಂಡಿರೋರು ಖಂಡಿತ ಇದೀರ, ಸುಮ್ನೆ ಓದಿ ಹೋಗ್ಬೇಡಿ. ಮೂರು ನಂಬರ್ ಹೇಳಿ ಸಾಕು. ನಿಮ್ಮ ಬ್ರೋಕರ್ ಚಿನ್ನಕ್ಕೆ ಚುಕ್ಕಿ ಆದ್ಮೇಲೆ ಎಷ್ಟು ಅಂಕಿ ತೋರಿಸ್ತಾನೆ, ಕ್ಯಾಂಡಲ್‌ಗೆ ಎಷ್ಟು ಪಾಯಿಂಟ್ ಅಂತ ಇಟ್ಟಿದೀರ, ಒಂದು ಗಂಟೆ ಚಾರ್ಟೋ ನಾಲ್ಕು ಗಂಟೆದೋ. ಯಾರಾದ್ರೂ ಹೇಳ್ರೀ. ಸೋಮವಾರ ಬೆಳಗಿನ ಜಾವ ಮಾರ್ಕೆಟ್ ತೆರೆಯುತ್ತೆ, ಅದಕ್ಕೆ ಮುಂಚೆ ಬೇಕು, ವಿಪಿಎಸ್ ಅನ್ನೋ ಬಾಡಿಗೆ ಆನ್‌ಲೈನ್ ಕಂಪ್ಯೂಟರ್‌ನಲ್ಲಿ ಬಾಟ್ ಇನ್ನೂ ಆನ್ ಇದೆ, ತಿಂಗಳ ಬಾಡಿಗೆ ಕಟ್ಟಿದೀನಿ.